ಮೂರೂ ಚಿಲ್ಲರೆ ಇಲಿಗಳು

ನಾನು ತಕ್ಕಡಿ ರಿಪೇರಿ ಮಾಡುವವನು. ಪೇಟೆಯಲ್ಲಿ ನನಗೆ ಗುಲಗಂಜಿ ಎಂದು ಹೆಸರಿಟ್ಟಿದ್ದಾರೆ. ಹಿಂದೆ ಚಿನ್ನ ತೂಗಲು ಬಳಸುತ್ತಿದ್ದ ಆ ಕೆಂಪು ಕಾಳಿನಷ್ಟು ವ್ಯತ್ಯಾಸ ಬಂದರೂ ನಾನು ತಕ್ಕಡಿ ಪೂರ್ತಿ ಬಿಚ್ಚಿ ಮತ್ತೆ ಜೋಡಿಸುತ್ತೇನಂತೆ, ಅದಕ್ಕೆ. ಹೊಗಳಿಕೆಯೋ ಕುಚೋದ್ಯವೋ ವಿಚಾರಿಸಲು ಹೋಗಿಲ್ಲ. ಕಳೆದ ವರ್ಷ ತರಕಾರಿಯವನೊಬ್ಬ ಬಂದು, “ಕಿಲೋಗೆ ಒಂದು ಇಪ್ಪತ್ತು ಗ್ರಾಂ ನನ್ನ ಕಡೆ ವಾಲೋ ಹಾಗೆ ಮಾಡಿಕೊಡಿ, ಯಾರಿಗೂ ಗೊತ್ತಾಗಲ್ಲ” ಎಂದ. “ಮುಳ್ಳಿಗೆ ಗೊತ್ತಾಗತ್ತೆ” ಎಂದು ಹೇಳಿ ಅವನ ತಕ್ಕಡಿಯನ್ನೂ ಅವನನ್ನೂ ಬೀದಿಯಲ್ಲಿ ನಿಲ್ಲಿಸಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ಆ ಜಾಗ ಬಿಟ್ಟು ಬೇರೆಲ್ಲಿ ಇಡಲಿ?

ಇಷ್ಟು ಹೇಳಿದ್ದು ಯಾಕೆಂದರೆ, ಇಲಿಯ ವಿಷಯದಲ್ಲಿ ನಾನು ಬೆಪ್ಪನಾದದ್ದು ಅಜ್ಞಾನದಿಂದಲ್ಲ. ಲೆಕ್ಕ ಬಲ್ಲವನಾಗಿದ್ದರಿಂದಲೇ ಬೆಪ್ಪನಾದೆ. ಬೇರೆ ಯಾರ ಮನೆಯಲ್ಲಿ ಆಗಿದ್ದರೂ ಎರಡನೇ ದಿನಕ್ಕೆ ಮುಗಿಯುತ್ತಿತ್ತು.

ಅಪ್ಪ ಹೋದ ಮೇಲೆ ಅಮ್ಮ ಯಾರ ಮನೆಯಲ್ಲಿರಬೇಕು ಎಂಬ ಮಾತು ಬಂತು. ನಾವು ಇಬ್ಬರೇ ಮಕ್ಕಳು. ಅಣ್ಣ ಬಸ್ ಡಿಪೋದಲ್ಲಿ ಟೈಮ್ ಕೀಪರ್. ಬಸ್ಸು ಎರಡು ನಿಮಿಷ ತಡವಾಗಿ ಹೊರಟರೆ ಅವನಿಗೆ ಆ ದಿನದ ಊಟ ರುಚಿಸುವುದಿಲ್ಲ. ಒಬ್ಬ ತೂಕದವನು, ಒಬ್ಬ ಗಡಿಯಾರದವನು. ಇಬ್ಬರೂ ಕೂತು ಹಂಚಿದರೆ ಹೇಗಿರಬೇಕೋ ಹಾಗೆಯೇ ಹಂಚಿದೆವು. ವರ್ಷಕ್ಕೆ ಮುನ್ನೂರ ಅರವತ್ತೈದು ದಿನ, ಅದರ ಅರ್ಧ ನೂರ ಎಂಬತ್ತೆರಡೂವರೆ. ಆ ಅರ್ಧ ದಿನಕ್ಕೆ ಮುಂದೆ ತಕರಾರು ಬರಬಾರದೆಂದು, ಹೊರಡುವ ದಿನ ಮಧ್ಯಾಹ್ನದ ಊಟ ಒಬ್ಬರ ಮನೆಯಲ್ಲಿ, ಸಂಜೆಯ ಟೀ ಇನ್ನೊಬ್ಬರ ಮನೆಯಲ್ಲಿ ಎಂದು ಮಾಡಿಕೊಂಡೆವು. ಎರಡೂ ಮನೆಗಳ ನಡುವೆ ಹನ್ನೆರಡು ಬಸ್ ಸ್ಟಾಪು. ನಾವು ಹೀಗೆ ಹಂಚುತ್ತಿದ್ದಾಗ ಅಮ್ಮ ಅಲ್ಲೇ ಮೂಲೆಯಲ್ಲಿ ಕೂತು ಶಾಲು ಹೆಣೆಯುತ್ತಿದ್ದಳು. “ನಿನಗೆ ಒಪ್ಪಿಗೆ ತಾನೆ?” ಎಂದು ಕೇಳಿದೆವು. “ನೀವಿಬ್ರೂ ಜಗಳ ಆಡದೆ ಇದ್ರೆ ಸಾಕು” ಎಂದಳು. ಅದನ್ನು ನಾವು ಒಪ್ಪಿಗೆ ಎಂದೇ ತಿಳಿದೆವು.

ನಾಲ್ಕು ವರ್ಷ ಎಲ್ಲ ಸರಿಯಾಗಿಯೇ ನಡೆಯಿತು. ಕಳೆದ ಸಲ ಮಾತ್ರ ಅಣ್ಣನ ಮನೆಯಿಂದ ಹೊರಡುವ ದಿನ ಬೆಳಗ್ಗೆ ಅಮ್ಮನ ಹಲ್ಲುಸೆಟ್ಟು ಕಾಣೆಯಾಯಿತು. ಹಲ್ಲಿಲ್ಲದೆ ಬರುವುದಿಲ್ಲ ಎಂದು ಅಮ್ಮ ಕೂತಳು. ಹನ್ನೊಂದು ದಿನ ಹುಡುಕಿದ ಮೇಲೆ ಅದು ಅಕ್ಕಿ ಡಬ್ಬದಲ್ಲಿ ಸಿಕ್ಕಿತು. ಅಣ್ಣ ಆ ಹನ್ನೊಂದು ದಿನವನ್ನು ನನ್ನ ಪಾಲಿಗೆ ಸೇರಿಸಬೇಕೆಂದು ಪಟ್ಟು ಹಿಡಿದ. ನಿನ್ನ ಮನೆಯ ಅಕ್ಕಿ ಡಬ್ಬಕ್ಕೆ ನಾನು ಜವಾಬ್ದಾರನೇ ಎಂದು ನಾನೂ ಎಗರಾಡಿದೆ. ಕೊನೆಗೆ ಒಪ್ಪಿಕೊಂಡೆ, ನ್ಯಾಯ ಅವನ ಕಡೆಗೇ ಇತ್ತು. ಆ ಹನ್ನೊಂದನ್ನೂ ಸೇರಿಸಿ ಎಣಿಸಿದರೆ ಈ ಸಲ ಅಮ್ಮ ನಮ್ಮ ಮನೆಯಿಂದ ಹೊರಡಬೇಕಾದದ್ದು ಹದಿನಾರನೇ ತಾರೀಕು. ಮರೆಯಬಾರದೆಂದು ಅವಳ ಮಂಚದ ಎದುರಿನ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ ಆ ತಾರೀಕಿಗೆ ಕೆಂಪು ಶಾಯಿಯಲ್ಲಿ ದುಂಡಗೆ ಸುತ್ತು ಹಾಕಿದ್ದೆ.

ಹದಿನಾಲ್ಕನೇ ತಾರೀಕು ಬೆಳಗ್ಗೆ, ಬಟ್ಟೆ ಜೋಡಿಸೋಣ ಎಂದು ಮಂಚದ ಕೆಳಗಿನ ಟ್ರಂಕು ಎಳೆದು ಮುಚ್ಚಳ ತೆಗೆದೆ. ಒಳಗಿನಿಂದ ಹೆಬ್ಬೆರಳಿನಷ್ಟು ಇಲಿಯೊಂದು ಚಂಗನೆ ಹಾರಿ ನನ್ನ ಪಾದದ ಮೇಲೆ ಓಡಿ ಬೀರುವಿನ ಹಿಂದೆ ಸೇರಿಕೊಂಡಿತು. ನಾನು ಕೂಗಿಕೊಂಡೆ ಎಂದು ಹೆಂಡತಿ ಹೇಳುತ್ತಾಳೆ. ಕೂಗಲಿಲ್ಲ, ಗಟ್ಟಿಯಾಗಿ ಉಸಿರು ಬಿಟ್ಟೆ. ಟ್ರಂಕಿನ ಮೂಲೆಯಲ್ಲಿ ಅಪ್ಪನ ಹಳೆಯ ಉಣ್ಣೆ ಶಾಲಿಗೆ ಅಂಗೈಯಗಲ ತೂತು ಬಿದ್ದಿತ್ತು. ಅಮ್ಮ ಆ ತೂತಿನೊಳಗೆ ಬೆರಳು ಹಾಕಿ ನೋಡಿದಳು. “ಪಾಪ, ಚಳಿ ಇತ್ತೇನೋ” ಎಂದಳು.

ವಿಷಯ ಸಂಜೆಯೊಳಗೆ ಅಣ್ಣನ ಮನೆ ತಲುಪಿತು. ಅತ್ತಿಗೆಗೆ ಇಲಿಯೆಂದರೆ ಜೀವ ಹೋಗುತ್ತದೆ. ಫೋನಿನಲ್ಲಿ ಅವರ ಧ್ವನಿ ನಡುಗುತ್ತಿತ್ತು. “ನೋಡಪ್ಪ, ಅತ್ತೆ ಇವತ್ತೇ ಬರಲಿ, ಬೇಡ ಅನ್ನಲ್ಲ. ಆದ್ರೆ ಆ ಇಲಿ ಸಿಗೋವರೆಗೂ ಆ ಟ್ರಂಕು ನಮ್ಮ ಹೊಸ್ತಿಲು ದಾಟಬಾರದು” ಎಂದರು. ಟ್ರಂಕು ಬಿಟ್ಟು ತಾನು ಎಲ್ಲಿಗೂ ಬರುವುದಿಲ್ಲ ಎಂದು ಅಮ್ಮ. ಕೊನೆಗೆ ಅಣ್ಣ ಫೋನ್ ತೆಗೆದುಕೊಂಡ.

“ಇಲಿ ಹಿಡಿಯೋಕೆ ಎಷ್ಟು ದಿನ ಬೇಕು?”

“ಎರಡು ದಿನ.”

“ಹದಿನಾರಕ್ಕೆ ಮುಗೀಬೇಕು. ಮುಗೀದೆ ಇದ್ರೆ ಮೇಲಿನ ದಿನ ನಿನ್ನದು” ಎಂದು ಇಟ್ಟುಬಿಟ್ಟ.

ಹದಿನೈದಕ್ಕೆ ಸರಳಿನ ಬೋನೊಂದು ತಂದೆ. ಒಳಗೆ ಕೊಕ್ಕೆ, ಕೊಕ್ಕೆ ಅಲ್ಲಾಡಿದರೆ ಬಾಗಿಲು ಬೀಳುವ ಸಾಮಾನ್ಯ ಬೋನು. ಸಂಜೆ ಇಡುವುದೆಂದು ನಾನು ಹೇಳಿದೆ. “ರಾತ್ರಿ ಅದು ದಬಕ್ ಅಂತ ಬಿದ್ರೆ ನನ್ನ ಎದೆ ಒಡೆದುಹೋಗತ್ತೆ. ಹಗಲೇ ಇಡು, ಅದು ಓಡಾಡೋದೂ ಹಗಲೇ” ಎಂದಳು ಅಮ್ಮ. ಸರಿ, ಹಗಲೇ ಇಟ್ಟೆ. ಆದರೆ ಸುಮ್ಮನೆ ಯಾವುದೋ ಒಂದು ಚೂರು ಸಿಕ್ಕಿಸಿ ಬರುವ ಪೈಕಿಯಲ್ಲ ನಾನು. ಅಕ್ಕಸಾಲಿಗನೊಬ್ಬ ರಿಪೇರಿಗೆ ಕೊಟ್ಟಿದ್ದ, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ ಮುಂದಿನ ಕೋಣೆಯಲ್ಲೇ ಇತ್ತು. ಅದರಲ್ಲಿ ಬ್ರೆಡ್ಡನ್ನು ಸರಿಯಾಗಿ ಹತ್ತು ಗ್ರಾಂ ತೂಗಿ, ಚಿಮುಟದಲ್ಲಿ ಹಿಡಿದು ಕೊಕ್ಕೆಗೆ ಸಿಕ್ಕಿಸಿದೆ. ಎಷ್ಟು ತಿಂದಿತು ಎಂದು ಗೊತ್ತಾದರೆ ಇಲಿಯ ಗಾತ್ರ ಗೊತ್ತಾಗುತ್ತದೆ, ಗಾತ್ರ ಗೊತ್ತಾದರೆ ಉಪಾಯ ಗೊತ್ತಾಗುತ್ತದೆ.

ನಾನು ದಿನವೂ ಹತ್ತು ಗಂಟೆಗೆ ಪೇಟೆಗೆ ಹೋಗಿ ಅಂಗಡಿ ಅಂಗಡಿ ತಿರುಗಿ ತಕ್ಕಡಿ ಸರಿಮಾಡಿ ಐದಕ್ಕೆ ಬರುತ್ತೇನೆ. ಹೆಂಡತಿ ಶಾಲೆಯಲ್ಲಿ ಲೆಕ್ಕದ ಟೀಚರ್, ಅವಳು ಬರುವುದೂ ಆ ಹೊತ್ತಿಗೇ. ಮೊದಲ ದಿನ ನಾನು ಬಂದಾಗ ಬೋನಿನ ಬಾಗಿಲು ಬಿದ್ದಿತ್ತು, ಒಳಗೆ ಇಲಿ ಇರಲಿಲ್ಲ, ಬ್ರೆಡ್ಡೂ ಇರಲಿಲ್ಲ. “ಏನಾಯ್ತಮ್ಮ?” ಎಂದೆ. “ನಾನು ಕಣ್ಣು ಮುಚ್ಚಿದ್ದೆ ಕಣೋ” ಎಂದಳು. ಎರಡನೇ ದಿನ ಬಾಗಿಲು ತೆರೆದೇ ಇತ್ತು, ಬ್ರೆಡ್ಡು ಮಾತ್ರ ಮಾಯ. ಮೂರನೇ ದಿನವೂ ಅದೇ ಕಥೆ.

ಪೇಟೆಯ ಬೀಜದ ಅಂಗಡಿಯವನು ಇಲಿಗಳ ಜೊತೆ ಮೂವತ್ತು ವರ್ಷ ಸಂಸಾರ ಮಾಡಿದವನು. ಅವನನ್ನು ಕೇಳಿದೆ. “ಸಣ್ಣ ಇಲಿ ದಿನಕ್ಕೆ ಮೂರು ಗ್ರಾಂ ತಿಂದ್ರೆ ಹೆಚ್ಚು” ಎಂದ. ನಾನು ಅಲ್ಲೇ ಅವನ ಗಲ್ಲಾದ ಮೇಲೆ ಭಾಗಿಸಿದೆ. ಹತ್ತು ಗ್ರಾಂ, ತಲೆಗೆ ಮೂರು ಗ್ರಾಂ. ಮೂರೂ ಚಿಲ್ಲರೆ ಇಲಿ. ಚಿಲ್ಲರೆ ಇಲಿ ಎಂಬುದು ಲೋಕದಲ್ಲಿ ಇಲ್ಲದ್ದರಿಂದ ನಾಲ್ಕು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಕೆಂಪು ಪೆನ್ನು ಕೆಳಗಿಟ್ಟು ನನ್ನ ಚೀಟಿ ನೋಡಿ, “ಲೆಕ್ಕ ಸರಿ ಇದೆ” ಎಂದಳು.

“ಮತ್ತೆ?”

“ಮತ್ತೆ ಏನಿಲ್ಲ. ನಾಲ್ಕು ಇಲಿ ಇರೋ ಮನೇಲಿ ಒಂದಾದ್ರೂ ಹಿಕ್ಕೆ ಇರಬೇಕಲ್ಲ ರೀ. ನಾನು ದಿನಾ ಗುಡಿಸ್ತೀನಿ, ನನಗೆ ಕಂಡಿಲ್ಲ.”

“ತಕ್ಕಡಿ ಸುಳ್ಳು ಹೇಳತ್ತಾ?” ಎಂದು ರೇಗಿದೆ.

“ತಕ್ಕಡಿ ಪಾಪ, ಏನು ಇಟ್ರೆ ಅದನ್ನ ಹೇಳತ್ತೆ” ಎಂದು ಅವಳು ಮತ್ತೆ ಪೆನ್ನು ತೆಗೆದುಕೊಂಡಳು. ಇಂಥ ಮಾತುಗಳನ್ನು ನಾನು ಸಾಮಾನ್ಯವಾಗಿ ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ. ಆಗಲೂ ಹಾಕಿಕೊಳ್ಳಲಿಲ್ಲ.

ಆ ಸಂಜೆ ಅಮ್ಮನೂ ಒಂದು ಸಲಹೆ ಕೊಟ್ಟಳು. “ಬರೀ ಬ್ರೆಡ್ಡಿಗೆ ಇಲಿ ಎಲ್ಲಿ ನಿಲ್ಲತ್ತೆ? ಎಗರಿಸಿಕೊಂಡು ಓಡತ್ತೆ. ಸ್ವಲ್ಪ ಬೆಣ್ಣೆ ಹಚ್ಚು. ನೆಕ್ಕೋಕೆ ನಿಂತ್ರೆ ಸಿಕ್ಕಿಬೀಳತ್ತೆ.” ಮಾತಿನಲ್ಲಿ ತೂಕವಿತ್ತು. ಬೆಣ್ಣೆ ಹಚ್ಚಿದೆ. ಎರಡು ದಿನ ಬಿಟ್ಟು, “ಮೇಲೆ ಒಂದು ಚಿಟಿಕೆ ಸಕ್ಕರೆ ಉದುರಿಸಿ ನೋಡು” ಎಂದಳು. ಡಾಕ್ಟರು ಅಮ್ಮನಿಗೆ ಸಕ್ಕರೆ ಬಿಡಿಸಿ ಎರಡು ವರ್ಷವಾಗಿತ್ತು, ಟೀಗೂ ಹಾಕುತ್ತಿರಲಿಲ್ಲ. ತಾನು ಬಿಟ್ಟ ರುಚಿಯನ್ನು ಇಲಿಗಾದರೂ ಕೊಡುವ ಅವಳ ಮನಸ್ಸು ಕಂಡು ನನಗೆ ಕಣ್ಣು ತುಂಬಿ ಬಂತು. ಸಕ್ಕರೆಯನ್ನೂ ತೂಗಿ ಉದುರಿಸಿದೆ.

ನಾಲ್ಕು ಇಲಿಗೆ ಒಂದು ಬೋನು ಸಾಲದು ಎಂದು ಇನ್ನೂ ಮೂರು ತಂದೆ. ಒಂದೊಂದಕ್ಕೆ ಐದು ಗ್ರಾಂ, ಒಟ್ಟು ಇಪ್ಪತ್ತು. ಸಂಜೆ ನೋಡಿದರೆ ನಾಲ್ಕೂ ಖಾಲಿ. ಇಪ್ಪತ್ತನ್ನು ಮೂರರಿಂದ ಭಾಗಿಸಿದೆ. ಆರೂ ಚಿಲ್ಲರೆ, ಅಂದರೆ ಏಳು. ಒಂದು ವಾರದಲ್ಲಿ ನಾಲ್ಕು ಏಳಾಗಿತ್ತು. ಪೇಟೆಯಲ್ಲಿ ಕಂಡವರಿಗೆಲ್ಲ ಹೇಳಿದೆ. ತರಕಾರಿಯವನು, ಹಿಂದೆ ನಾನು ಬೀದಿಯಲ್ಲಿ ನಿಲ್ಲಿಸಿದ್ದವನೇ, “ಸರಿಯಾಗಿ ತೂಗಿದ್ದೀರಾ?” ಎಂದು ಹಲ್ಲು ಕಿರಿದ. ಅಣ್ಣನಿಗೂ ಫೋನ್ ಮಾಡಿ ಹೇಳಿದೆ. ಹಿಂದಿನಿಂದ ಅತ್ತಿಗೆ “ಏಳಾ!” ಎಂದದ್ದು ನನಗೂ ಕೇಳಿಸಿತು.

ಹದಿನಾರು ದಾಟಿ ದಿನಗಳು ಉರುಳುತ್ತಿದ್ದವು. ಒಂದೊಂದು ದಿನ ಹೋದಂತೆ ನನ್ನ ಪಾಲು ಭಾರವಾಗುತ್ತಿತ್ತು, ಅಣ್ಣನ ತಟ್ಟೆ ಮೇಲೇರುತ್ತಿತ್ತು. ಅಮ್ಮ ಇರುವುದು ನನಗೆ ಭಾರವೆಂದಲ್ಲ. ಅವಳು ಎಷ್ಟು ತಿಂದಾಳು, ಎಷ್ಟು ಜಾಗ ಹಿಡಿದಾಳು? ಆದರೆ ಒಂದು ತಟ್ಟೆ ವಾಲಿದ್ದನ್ನು ನೋಡಿಕೊಂಡು ಸುಮ್ಮನಿರುವುದು ನನ್ನ ಜಾಯಮಾನವಲ್ಲ. ದಿನವೂ ಬೆಳಗ್ಗೆ ಬೋನು ಇಡುವಾಗ ಕ್ಯಾಲೆಂಡರ್ ಮುಂದೆ ನಿಂತು, ಕೆಂಪು ಸುತ್ತಿನಿಂದ ಈಚೆಗೆ ಎಷ್ಟು ದಿನವಾಯಿತೆಂದು ಬೆರಳಿಟ್ಟು ಗಟ್ಟಿಯಾಗಿ ಎಣಿಸುತ್ತಿದ್ದೆ. ಅಮ್ಮ ಹೆಣಿಗೆ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಎಣಿಕೆ ಮುಗಿದ ಮೇಲೆ ಮತ್ತೆ ಕಡ್ಡಿ ಆಡತೊಡಗುತ್ತಿತ್ತು.

ಇಪ್ಪತ್ತೈದನೇ ತಾರೀಕು, ಅಂದರೆ ಒಂಬತ್ತನೇ ದಿನ, ಔಷಧಿ ಅಂಗಡಿಯವರ ತಕ್ಕಡಿ ಬಿಚ್ಚಿ ಕೂತಾಗ ಚಿಮುಟ ಮನೆಯಲ್ಲೇ ಉಳಿದಿದೆ ಎಂದು ನೆನಪಾಯಿತು. ಬೆಳಗ್ಗೆ ಬ್ರೆಡ್ಡು ಸಿಕ್ಕಿಸಿ ಅಲ್ಲೇ ಬಿಟ್ಟುಬಂದಿದ್ದೆ. ಮನೆಗೆ ಬಂದಾಗ ಮೂರೂವರೆ. ಚಪ್ಪಲಿ ಬಿಟ್ಟು ಸದ್ದಿಲ್ಲದೆ ಒಳಗೆ ಹೋದೆ. ಅಮ್ಮನ ನಿದ್ದೆ ಕೆಡಿಸಬಾರದು ಎಂದುಕೊಂಡಿದ್ದೆ.

ಅಮ್ಮ ನಿದ್ದೆ ಮಾಡುತ್ತಿರಲಿಲ್ಲ. ಮಂಚದ ಮೇಲೆ ಕಾಲು ಮಡಿಸಿ ಕೂತಿದ್ದಳು. ಎದುರಿನ ಬೆಂಚಿನ ಮೇಲೆ ನಾಲ್ಕೂ ಬೋನುಗಳು ಸಾಲಾಗಿ ಕೂತಿದ್ದವು, ಪಕ್ಕದಲ್ಲಿ ಟೀ ಲೋಟ. ಅವಳು ಹೆಣಿಗೆ ಕಡ್ಡಿಯನ್ನು ಸರಳುಗಳ ನಡುವೆ ತೂರಿಸಿ ಕೊಕ್ಕೆಯಿಂದ ಬ್ರೆಡ್ಡನ್ನು ಮೆಲ್ಲಗೆ ಬಿಡಿಸಿ, ಈಚೆಗೆ ಎಳೆದುಕೊಂಡು, ಟೀಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡಳು. ಬೋನಿನ ಬಾಗಿಲು ಅಲುಗಲಿಲ್ಲ. ಮೂವತ್ತು ವರ್ಷ ಚಿಮುಟ ಹಿಡಿದ ನನ್ನ ಕೈಗೂ ಅಷ್ಟು ನಯವಿಲ್ಲ. ಒಂದು ಮುಗಿಸಿ ಎರಡನೆಯ ಬೋನಿಗೆ ಕಡ್ಡಿ ಹಾಕಿದಳು.

“ಅಮ್ಮಾ!”

ಅವಳು ಬೆಚ್ಚಲಿಲ್ಲ. ನನ್ನ ಕಡೆ ತಿರುಗಿ, “ಇವತ್ತು ಬೆಣ್ಣೆ ಕಡಿಮೆ ಆಯ್ತು ಕಣೋ” ಎಂದಳು.

“ಇಲಿ ಎಲ್ಲಮ್ಮ?”

“ಅದು ಮೊದಲನೇ ದಿನವೇ ಸಿಕ್ತು. ಹಿಂದಿನ ಬಾಗಿಲಲ್ಲಿ ಬಿಟ್ಟುಬಂದೆ. ಒಂದು ಸಲ ತಿರುಗಿ ನೋಡ್ತು, ಹೊರಟುಹೋಯ್ತು.”

“ಮತ್ತೆ ಏಳು ಇಲಿ?”

“ಏಳು ಅಂತ ನಾನು ಒಂದು ಸಲನಾದ್ರೂ ಹೇಳಿದ್ನಾ? ನೀನೇ ಬಂದು ಹೇಳ್ತಿದ್ದೆ. ದಿನದಿನಕ್ಕೂ ಜಾಸ್ತಿ ಆಗ್ತಿತ್ತು. ನನಗೇ ಭಯ ಆಗೋಕೆ ಶುರುವಾಗಿತ್ತು.”

ನನಗೆ ಸಿಟ್ಟು ನೆತ್ತಿಗೇರಿತು. ಹನ್ನೊಂದು ದಿನ ತೂಗಿದ್ದೇನೆ, ಭಾಗಿಸಿದ್ದೇನೆ, ಪೇಟೆಗೆಲ್ಲ ಡಂಗುರ ಹೊಡೆದಿದ್ದೇನೆ. ಬಾಯಿಗೆ ಬಂದದ್ದು ಅನ್ನಬೇಕೆಂದು ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ಇನ್ನೊಂದು ವಿಷಯ ಹೊಳೆದು ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ಅಮ್ಮನಿಗೆ ನಮ್ಮ ಮನೆ ಬಿಟ್ಟು ಹೋಗಲು ಮನಸ್ಸಿಲ್ಲ! ಅಣ್ಣನ ಮನೆಯಲ್ಲಿ ಅವಳಿಗೇ ಒಂದು ಕೋಣೆ ಇದೆ, ನಲ್ಲಿಯಲ್ಲಿ ಬಿಸಿನೀರು ಬರುತ್ತದೆ, ಅತ್ತಿಗೆಯ ಕೈ ಅಡುಗೆ ನಮ್ಮ ಮನೆಯದಕ್ಕಿಂತ ಒಂದು ತೂಕ ಮೇಲು. ಅಷ್ಟಿದ್ದೂ ಅವಳಿಗೆ ಈ ಸಣ್ಣ ಮನೆಯೇ ಹಿಡಿಸಿದೆ, ಈ ಕಿರಿಮಗನೇ ಬೇಕಾಗಿದ್ದಾನೆ. ನನ್ನ ಎದೆ ಉಬ್ಬಿತು. ಅಣ್ಣನ ಮುಖ ಹೇಗಾಗಬಹುದೆಂದು ಒಂದು ಗಳಿಗೆ ಯೋಚಿಸಿ ಖುಷಿಪಟ್ಟೆ ಎಂಬುದನ್ನೂ ಮುಚ್ಚಿಡುವುದಿಲ್ಲ.

ಅವಳ ಪಕ್ಕ ಕೂತು ಮೃದುವಾಗಿ ಕೇಳಿದೆ. “ನಮ್ಮ ಮನೆ ಬಿಟ್ಟು ಹೋಗೋಕೆ ಇಷ್ಟ ಇಲ್ವಾ ಅಮ್ಮ?”

“ಹಾಗೇನಿಲ್ಲಪ್ಪ” ಎಂದಳು ಅಮ್ಮ. “ಅಲ್ಲೂ ಹೀಗೇ ಮಾಡಿದ್ದೆ. ಹಲ್ಲುಸೆಟ್ಟು ಅಕ್ಕಿ ಡಬ್ಬಕ್ಕೆ ಹಾಕಿದ್ದು ನಾನೇ. ಹನ್ನೊಂದು ದಿನ ಬರೀ ಗಂಜಿ ಕುಡಿದೆ. ಇಲ್ಲಿ ಪರವಾಗಿಲ್ಲ, ಬೆಣ್ಣೆ ಬ್ರೆಡ್ಡು.”

ಉಬ್ಬಿದ ಎದೆ ಇಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆಮೇಲೆ, “ಯಾಕಮ್ಮ?” ಎಂದೆ.

ಅವಳು ಹೆಣಿಗೆ ಕಡ್ಡಿಯಿಂದ ಎದುರಿನ ಗೋಡೆ ತೋರಿಸಿದಳು. “ಅದನ್ನ ಕಣ್ಣೆದುರಿಗೇ ತೂಗುಹಾಕಿದ್ದೀಯಲ್ಲ ಪುಟ್ಟ. ಬೆಳಗ್ಗೆ ಕಣ್ಣು ಬಿಟ್ರೆ ಆ ಕೆಂಪು ಸುತ್ತು. ಅಲ್ಲೂ ಒಂದಿದೆ, ಹಸಿರು ಶಾಯೀದು. ಎರಡು ಮನೇಲೂ ನಾನು ಹೊರಡೋ ದಿನ ಎಲ್ಲರಿಗೂ ಬಾಯಿಪಾಠ. ಈ ಕಡೆ ನೂರ ಎಂಬತ್ತೆರಡೂವರೆ ನಿನ್ನ ಪಾಲು, ಆ ಕಡೆ ನೂರ ಎಂಬತ್ತೆರಡೂವರೆ ಅವನ ಪಾಲು. ಆ ಸುತ್ತು ದಾಟಿದ ಮೇಲೆ ನಾಲ್ಕು ದಿನ ಸಿಗತ್ತಲ್ಲ, ಅದು ಯಾರ ಪಾಲಿಗೂ ಸೇರಲ್ಲ. ಅದು ನನ್ನದು. ಅಷ್ಟು ದಿನ ನಾನು ಯಾರ ಸರದೀಲೂ ಇರಲ್ಲ, ಸುಮ್ಮನೆ ಮನೇಲಿರ್ತೀನಿ.”

ಅವಳು ಅಳುತ್ತಿರಲಿಲ್ಲ. ಬೇಕಾದರೆ ಕೇಳು, ಬೇಡವಾದರೆ ಬಿಡು ಎಂಬ ಹಾಗೆ ಹೇಳಿ, ತಣ್ಣಗಾಗಿದ್ದ ಟೀ ಕುಡಿದಳು. ನನಗೆ ನಾಚಿಕೆಯಾಯಿತು. ಆ ಒಂಬತ್ತು ದಿನವನ್ನೂ ನಾನು ಅವಳ ಎದುರಿಗೇ ನಿಂತು, ಬೆರಳಿಟ್ಟು, ಗಟ್ಟಿಯಾಗಿ ಎಣಿಸಿದ್ದೆ. ಅವಳು ಕದ್ದುಕೊಂಡ ಒಂದೊಂದು ದಿನವನ್ನೂ ನಾನು ಬೆಳಗಾದರೆ ಕಿತ್ತುಕೊಂಡು ನನ್ನ ಪಾಲಿಗೆ ಹಾಕಿಕೊಳ್ಳುತ್ತಿದ್ದೆ. ಎದ್ದು ಅಡುಗೆಮನೆಗೆ ಹೋಗಿ, ಎರಡು ಸ್ಲೈಸ್ ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ ಹಚ್ಚಿ, ತೂಗದೆ, ತಟ್ಟೆಯಲ್ಲಿಟ್ಟು ತಂದು ಅವಳ ಮುಂದೆ ಹಿಡಿದೆ.

ಅಮ್ಮ ತಟ್ಟೆ ನೋಡಿ ಮುಖ ಸಿಂಡರಿಸಿದಳು. “ತಟ್ಟೇಲಿ ಕೊಟ್ರೆ ಇಲಿ ಎಲ್ಲಿಂದ ಬಂತು? ಚೂರು ಮಾಡಿ ಬೋನಿಗೇ ಇಡು. ಮನೇಲಿ ಇಲಿ ಇದೆ ಅಂದ್ರೆ ಇರೋ ಹಾಗೇ ಇರಬೇಕು.”

ಬೋನಿಗೇ ಇಟ್ಟೆ.

ಔಷಧಿ ಅಂಗಡಿಯವರಿಗೆ ನಾಳೆ ಬರುತ್ತೇನೆಂದು ಫೋನ್ ಮಾಡಿದೆ. ಇಟ್ಟ ಕೂಡಲೇ ಅಣ್ಣನ ಫೋನ್ ಬಂತು. ಡ್ಯೂಟಿ ಬದಲಾಗುವ ಹೊತ್ತಿಗೆ ಸರಿಯಾಗಿ ನಾಲ್ಕೂವರೆಗೆ ಅವನು ದಿನವೂ ಮಾಡುತ್ತಿದ್ದ.

“ಸಿಕ್ತೇನೋ?”

“ಇಲ್ಲ ಅಣ್ಣ.”

“ಈಗ ಎಷ್ಟಿವೆ?”

ಬಾಗಿಲಾಚೆ ಮಂಚದ ಮೇಲೆ ಅಮ್ಮ ಕಾಣುತ್ತಿದ್ದಳು. ಅವಳು ನಮ್ಮ ಮಾತು ಕೇಳುತ್ತಿಲ್ಲವೆಂಬಂತೆ ಶಾಲಿನ ತೂತಿಗೆ ಹೊಸ ಉಣ್ಣೆ ಹೆಣೆಯುತ್ತಿದ್ದಳು. ಮೂವತ್ತು ವರ್ಷದಲ್ಲಿ ಗುಲಗಂಜಿಯಷ್ಟೂ ತಪ್ಪು ತೂಕ ಬಾಯಿಂದ ಹೊರಡಿಸದವನು ಹೇಳಿದೆ, “ಹನ್ನೊಂದು.”

“ಹನ್ನೊಂದಾ?”

“ಹೆಚ್ಚೂ ಇರಬಹುದು. ಬೀರುವಿನ ಹಿಂದೆ ಇನ್ನೂ ನೋಡಿಲ್ಲ.”

“ಸರಿ ಬಿಡು” ಎಂದ ಅಣ್ಣ. “ಅವಸರ ಏನಿಲ್ಲ.”

ಅವಸರ ಏನಿಲ್ಲ ಎಂಬ ಮಾತನ್ನು ನಾನು ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಕೇಳಿರಲಿಲ್ಲ. ಆಮೇಲೆ ಅವನು ದನಿ ತಗ್ಗಿಸಿದ. “ಅಮ್ಮನ ಹಲ್ಲುಸೆಟ್ಟು ಸರಿಯಾಗಿದೆ ತಾನೆ?”

“ಇದೆ. ಯಾಕೆ?”

“ಏನಿಲ್ಲ. ಹನ್ನೊಂದು ಇಲಿ ಅಂತೀಯಲ್ಲ, ನಿನಗೂ ಈಗ ಗೊತ್ತಾಗಿರೋ ಹಾಗಿದೆ, ಅದಕ್ಕೆ ಹೇಳ್ತಿದ್ದೀನಿ. ಆ ಅಕ್ಕಿ ಡಬ್ಬದಲ್ಲಿ ಅದು ನನಗೆ ಎರಡನೇ ದಿನವೇ ಸಿಕ್ಕಿತ್ತು ಕಣೋ. ಮೇಲೆ ಇನ್ನಷ್ಟು ಅಕ್ಕಿ ಸುರಿದು ಸುಮ್ಮನಾದೆ.”

“ಮತ್ತೆ ಹನ್ನೊಂದು ದಿನ ಕೊಡು ಅಂತ ನನ್ನ ಹತ್ರ ಜಗಳಕ್ಕೆ ಬಂದೆಯಲ್ಲೋ!”

“ಬರದೆ ಇದ್ದಿದ್ರೆ ನಿನಗೆ ಅನುಮಾನ ಬರ್ತಿತ್ತು. ನೀನು ಗುಲಗಂಜಿ ಅಲ್ವಾ?” ಎಂದು ಇಟ್ಟುಬಿಟ್ಟ.

ಒಳ್ಳೆಯ ಮಗನಾಗಿದ್ದರೆ ಆಗ ಸಂತೋಷವಾಗಬೇಕಿತ್ತು. ನನಗೆ ಮೊದಲು ಆದದ್ದು ಹೊಟ್ಟೆಕಿಚ್ಚು. ಹನ್ನೊಂದರಲ್ಲಿ ಎರಡು ಕಳೆದರೆ ಒಂಬತ್ತು. ಗಡಿಯಾರ ನೋಡಿಕೊಂಡೇ ಉಸಿರಾಡುವ ಆ ಮನುಷ್ಯ, ಗೊತ್ತಿದ್ದೂ ಗೊತ್ತಿದ್ದೂ ಒಂಬತ್ತು ದಿನ ಅಮ್ಮನಿಗೆ ಬಿಟ್ಟುಕೊಟ್ಟು, ಅದನ್ನು ಯಾರಿಗೂ ಹೇಳದೆ, ಮೇಲೆ ನನ್ನಿಂದ ಬೈಗುಳವನ್ನೂ ತಿಂದಿದ್ದ. ನಾನೂ ಒಂಬತ್ತು ದಿನ ಕೊಟ್ಟಿದ್ದೇನೆ, ನಿಜ. ಆದರೆ ತಿಳಿಯದೆ ಕೊಟ್ಟದ್ದು ತೂಕಕ್ಕೆ ಬರುವುದಿಲ್ಲ. ನನ್ನ ತಟ್ಟೆ ಖಾಲಿ. ಅವನ ಸಮಕ್ಕೆ ಬರಬೇಕಾದರೆ ಇವತ್ತಿನಿಂದ ಶುರುಮಾಡಿ ಇನ್ನೂ ಒಂಬತ್ತು ದಿನ ಇಲಿ ಇಟ್ಟುಕೊಳ್ಳಬೇಕು ಎಂದು ಎಣಿಸತೊಡಗಿದೆ. ಎಣಿಸುತ್ತಿರುವುದು ನನ್ನ ಗಮನಕ್ಕೆ ಬಂದಾಗ ಮೂರನೇ ತಾರೀಕಿನವರೆಗೂ ಹೋಗಿಬಿಟ್ಟಿದ್ದೆ.

ಛೀ ಎನಿಸಿತು. ಮುಂದಿನ ಕೋಣೆಗೆ ಹೋಗಿ ತಗಡು ಕತ್ತರಿಸುವ ಕತ್ತರಿ ತಂದೆ. ಕ್ಯಾಲೆಂಡರ್ ಗೋಡೆಯಿಂದ ಇಳಿಸಿ ಕೆಂಪು ಸುತ್ತು ಇದ್ದ ಚೌಕವನ್ನು ಕತ್ತರಿಸಿ ತೆಗೆದೆ. ಅಂಗೈಯಲ್ಲಿ ಬಿದ್ದ ಚೂರು 16 ಮಾತ್ರ ಆಗಿರಲಿಲ್ಲ. ಕತ್ತರಿ ಗಟ್ಟಿಯದು, ಕೈಯಲ್ಲಿ ಸಿಟ್ಟು ಬೇರೆ ಇತ್ತು. ಕೆಳಗಿದ್ದ ಅಷ್ಟೂ ತಿಂಗಳುಗಳ ಹಾಳೆ ಒಟ್ಟಿಗೆ ತೂತಾಗಿತ್ತು. ಎತ್ತಿ ಹಿಡಿದರೆ ಆ ತೂತಿನೊಳಗಿಂದ ಸುಣ್ಣದ ಗೋಡೆ ಕಾಣುತ್ತಿತ್ತು.

ಅಷ್ಟರಲ್ಲಿ ಹೆಂಡತಿ ಶಾಲೆಯಿಂದ ಬಂದಳು. ಮಂಚದ ಮೇಲೆ ಅಮ್ಮ, ಬೆಂಚಿನ ಮೇಲೆ ಬೋನು, ನನ್ನ ಕೈಯಲ್ಲಿ ಕತ್ತರಿ, ಎಲ್ಲವನ್ನೂ ಒಂದು ಸಲ ನೋಡಿ ಚೀಲ ಕೆಳಗಿಟ್ಟಳು.

“ಗೊತ್ತಾಯ್ತಾ ಕೊನೆಗೂ?” ಎಂದಳು.

“ನಿನಗೆ ಯಾವಾಗ ಗೊತ್ತಾಯ್ತು?”

“ಸಕ್ಕರೆ ಉದುರಿಸು ಅಂತ ಇಲಿ ಕೇಳಿದ ದಿನ. ಆವತ್ತಿನಿಂದ ರಾತ್ರಿ ಊಟದಲ್ಲಿ ಅತ್ತೆಗೆ ಒಂದು ಹಿಡಿ ಅನ್ನ ಕಡಿಮೆ ಹಾಕ್ತಿದ್ದೀನಿ.”

“ನನಗೆ ಯಾಕೆ ಹೇಳಲಿಲ್ಲ?”

“ನಿಮ್ಮ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟತ್ತೆ ಅಂತ ನೋಡ್ತಿದ್ದೆ” ಎಂದು ನಕ್ಕಳು. ಅಮ್ಮನೂ ಶಾಲು ಮುಖಕ್ಕೆ ಅಡ್ಡ ಹಿಡಿದುಕೊಂಡಳು, ಅವಳ ಭುಜ ಅಲುಗುತ್ತಿತ್ತು. ನಾನೊಬ್ಬ ಬಿಟ್ಟು ಎರಡು ಮನೆಯಲ್ಲೂ ಎಲ್ಲರಿಗೂ ಎಲ್ಲ ಗೊತ್ತಿತ್ತು ಎಂದು ಆಗ ಅರ್ಥವಾಯಿತು. ಅತ್ತಿಗೆಯ ಹೆದರಿಕೆಯಾದರೂ ನಿಜವೋ ಅಲ್ಲವೋ, ಕೇಳುವ ಧೈರ್ಯ ಬರಲಿಲ್ಲ.

ನಾನು ಮುಖ ಗಂಟಿಕ್ಕಿ ಕ್ಯಾಲೆಂಡರನ್ನು ಮತ್ತೆ ಮೊಳೆಗೆ ಹಾಕಿದೆ. “ಅಣ್ಣ ಬಂದು ಕೇಳಿದ್ರೆ ಇಲಿ ತಿಂದಿದೆ ಅಂತ ಹೇಳಿದ್ರಾಯ್ತು” ಎಂದೆ.

ಹೆಂಡತಿ ಹತ್ತಿರ ಹೋಗಿ ತೂತನ್ನು ಪರೀಕ್ಷೆ ಮಾಡಿದಳು. ನಾಲ್ಕೂ ಮೂಲೆ ಲಂಬಕೋನವಾಗಿದ್ದವು, ನಾಲ್ಕೂ ಬದಿ ಸಮವಾಗಿದ್ದವು. “ಇಷ್ಟು ಅಚ್ಚುಕಟ್ಟಾದ ಚೌಕ ತಿನ್ನೋ ಇಲಿ ನಮ್ಮ ಶಾಲೆಗೆ ಬಂದ್ರೆ ನೂರಕ್ಕೆ ನೂರು ಕೊಡ್ತೀನಿ” ಎಂದಳು.

“ಇಲ್ಲಿ ಕೊಡೋ” ಎಂದಳು ಅಮ್ಮ.

ಕ್ಯಾಲೆಂಡರ್ ಇಳಿಸಿ ಕೊಟ್ಟೆ. ಅವಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಹಾಳೆ ಎತ್ತಿ ನೋಡಿದಳು. ಎಲ್ಲ ತಿಂಗಳಲ್ಲೂ ಅದೇ ಜಾಗದಲ್ಲಿ ತೂತು. “ಇದೇನೋ, ವರ್ಷದ ಕೊನೆವರೆಗೂ ತಿಂದಿದೆಯಲ್ಲೋ” ಎಂದಳು. ಆಮೇಲೆ ಕನ್ನಡಕ ಏರಿಸಿಕೊಂಡು, ಹೆಬ್ಬೆರಳ ಉಗುರಿನಿಂದ ಆ ಚೌಕದ ಅಂಚನ್ನು ಅಲ್ಲಿಷ್ಟು ಇಲ್ಲಿಷ್ಟು ಕಿತ್ತು, ಎಳೆದು, ಚಿಂದಿ ಮಾಡತೊಡಗಿದಳು. ಕಾಗದದ ಪುಡಿ ಹಾಸಿಗೆಯ ಮೇಲೆ ಉದುರಿತು.

“ಇಲಿ ಹೀಗೆ ಕಣೋ ಕಡಿಯೋದು” ಎಂದು ನನಗೆ ತೋರಿಸಿಕೊಟ್ಟಳು. “ನೀನು ನೋಡ್ಕೊ. ಅಣ್ಣನ ಮನೇಲೂ ಒಂದಿದೆ, ಹಸಿರು ಸುತ್ತಿನದು.”